ಹೊಟ್ಟೆ ತಣ್ಣಗೆ

ಜನವರಿ. ಡಂಡೀ ಊರು. ಮೂರೂವರೆಗೇ ಮುಗಿದ ಹಗಲು.
ನಾಲ್ಕನೆಯ ಮಹಡಿಯಲ್ಲಿ ಇಷ್‌ಬೆಲ್ ಡಾಯ್ಗ್, ಎಂಬತ್ತಾರು,
ಸ್ವೆಟರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು
ಗುಂಡಿ ಎಣಿಸುತ್ತಿದ್ದಾಳೆ.
ಐದು. ಮತ್ತೆ ಐದು. ಆಮೇಲೆ ನಾಲ್ಕು.

ಮೀಟರಿನಲ್ಲಿ ಎರಡು ಪೌಂಡು ಉಳಿದಿದೆ.
ಉಳಿದಿದೆ ಅಂದರೆ ಉಳಿಸಿದ್ದಾಳೆ.
ಹೀಟರಿನ ಮೇಲೆ ಒಣಗದೆ ಬಿದ್ದ ಕಾಲುಚೀಲ,
ಮುಟ್ಟಿದರೆ ಮರಗಟ್ಟಿದ ಪಾದವೇ.

"ಚಳಿಯೇನಮ್ಮ?" ಮನೆಮನೆ ತಿರುಗುವ ನರ್ಸು ರೋನಾ
ತುಟಿ ದೊಡ್ಡದಾಗಿ ಆಡಿಸಿ ಕೇಳಿದಳು;
ಆ ಕಿವಿಗಳನ್ನು ಮಗ್ಗದ ಸದ್ದು ಎಂದೋ ತಿಂದಿತ್ತು.
"ಇಲ್ಲವಲ್ಲ," ಅಂದಳು ಮುದುಕಿ.
ಸುಳ್ಳಲ್ಲ ಅದು. ಸುದ್ದಿ ತರಬೇಕಾದ ಚರ್ಮ ಹಳತಾಗಿದೆ,
ಅಂಚೆಯವನು ದಾರಿಯಲ್ಲೇ ಕೂತುಬಿಟ್ಟಿದ್ದಾನೆ.
ಮಾತು ಮಾತ್ರ ಒದ್ದೆ ಸೆಣಬಿನ ಹಾಗೆ ಎಳೆಯುತ್ತಿತ್ತು.

ಕೈ ಮುಟ್ಟಿದರೆ ಗೊತ್ತಾಗದು. ಮೂಗು ಯಾರದ್ದಾದರೂ ತಣ್ಣಗಿರುತ್ತದೆ.
ಅಂಗಿಯೊಳಗೆ ಕೈಯಿಟ್ಟು ಹೊಟ್ಟೆ ಮುಟ್ಟಬೇಕು.
ರೋನಾ ಮುಟ್ಟಿದಳು.
ಹೊಳೆಯಂಚಿನ ಕಲ್ಲು.

ಹೊಟ್ಟೆ ತಣ್ಣಗಿರಲಿ ಎಂದು ಹರಸುವ ನುಡಿ ನನ್ನದು.
ಅನ್ನ ಬಡಿಸಿದವಳಿಗೆ, ನೀರು ಕೊಟ್ಟವನಿಗೆ
ಎಷ್ಟು ಸಲ ಹೇಳಿದ್ದೇನೆ, ಲೆಕ್ಕವಿಲ್ಲ.
ಟೇ ನದಿಯ ಈ ದಂಡೆಯಲ್ಲಿ ಆ ಮಾತು
ನಾಲಿಗೆಯಲ್ಲೇ ಮಗ್ಗುಲು ಬದಲಿಸಿತು.

ನಡುಗುತ್ತಿರಲಿಲ್ಲ ಅವಳು. ಅದೇ ಭಯ.
ನಡುಗುವುದೂ ಒಂದು ಕೆಲಸ,
ಅದಕ್ಕೂ ಸ್ನಾಯು ಬೇಕು, ಮಧ್ಯಾಹ್ನದ ಊಟ ಬೇಕು.
ಹದಿನೈದಕ್ಕೇ ಸೆಣಬಿನ ಗಿರಣಿ ಹೊಕ್ಕ ಮೈ
ಈಗ ಅದರಿಂದಲೂ ನಿವೃತ್ತಿ ತೆಗೆದುಕೊಂಡಿತ್ತು.

ಕೈಕಾಲು ಉಜ್ಜಬಾರದು. ಬಿಸಿನೀರಿಗೆ ಇಳಿಸಬಾರದು.
ಪಕ್ಕದ ಮನೆಯಾತ ಹಿಡಿದು ಬಂದ ವಿಸ್ಕಿ ಬಾಗಿಲಾಚೆಯೇ ಇರಲಿ.
ನಡುವಿನಿಂದ, ಮೆಲ್ಲಗೆ: ಎದೆಗೆ, ಬೆನ್ನಿಗೆ ಕಂಬಳಿ,
ತಲೆಗೆ ರೋನಾಳದೇ ಟೋಪಿ,
ಮೀಟರಿಗೆ ರೋನಾಳದೇ ದುಡ್ಡು
(ಯಾರಿಗೂ ಹೇಳಬೇಡಿ, ನಿಯಮದಲ್ಲಿ ಇಲ್ಲ).
ಆಂಬುಲೆನ್ಸಿನವರು ಒಂದು ಗಂಟೆ ಅಂದರು.
ಕಂಬಳಿಯೊಳಗೆ ತಾನೂ ಸೇರಿ ಕೂತಳು.

ಬಹಳ ಹೊತ್ತು ಏನೂ ಇಲ್ಲ.

ಆಮೇಲೆ ದವಡೆಯಲ್ಲಿ ಒಂದು ಸಣ್ಣ ಕಟಕಟ.
ನಿಂತಿತು. ಮತ್ತೆ. ಭುಜಕ್ಕಿಳಿಯಿತು, ಮೊಣಕಾಲಿಗೆ,
ಪಾಳಿ ಶುರುವಾದ ಗಿರಣಿಯಲ್ಲಿ ಒಂದೊಂದೇ ಮಗ್ಗ ಎದ್ದಂತೆ
ಗಡಗಡ, ಗಡಗಡ,
ಕುರ್ಚಿಯ ಕಾಲಿಗೂ ಬಂತು.

"ಅಯ್ಯೋ, ಎಂಥ ಚಳಿಯೇ ಹುಡುಗಿ!" ಬೈದಳು ಇಷ್‌ಬೆಲ್,
"ಕಿಟಕಿ ತೆಗೆದಿಟ್ಟವರು ಯಾರು?"
ರೋನಾ ನಕ್ಕಳು.
ಕಿಟಕಿ ಮುಚ್ಚಿಯೇ ಇತ್ತು.