ಲೈಟುಕಂಬದ ಡಬ್ಬಿ

ಮುಸಫ್ಫಾ, ಕ್ಯಾಂಪಿನ ಏಳನೇ ಗಲ್ಲಿ.
ಲೈಟುಕಂಬಕ್ಕೆ ನಾನೇ ಬಿಗಿದ ಡಬ್ಬಿ,
ಟಿಫಿನ್ ಕ್ಯಾರಿಯರಿಗಿಂತ ತುಸು ದೊಡ್ಡದು.
ಅದರ ನ್ಯಾಯ ಅಡುಗೆಮನೆಯದೇ:
ದಿನಾ ಬೇಕಾದ ಉಪ್ಪು ಒಲೆಯ ಪಕ್ಕ,
ವರ್ಷಕ್ಕೊಮ್ಮೆಯ ಕೊಪ್ಪರಿಗೆ ಅಟ್ಟಕ್ಕೆ.

ಹಾಗಾಗಿ ಕ್ರಿಕೆಟ್ಟು ಇಲ್ಲೇ. ಪಶ್ತೋ ಹಾಡು ಇಲ್ಲೇ.
ಮಲಯಾಳಿಗಳ ತಮಾಷೆಯೂ.
ಉಳಿದದ್ದೆಲ್ಲ ಕಡಲು ದಾಟಿ ಬರಬೇಕು
ರಜೆಯ ಹಿಂದಿನ ರಾತ್ರಿಯ ನೂಕುನುಗ್ಗಲಲ್ಲಿ
ಸರದಿಗೆ ನಿಂತು, ನಿಂತು,
ಬಿಳಿ ಚಕ್ರ ತಿರುಗಿಸುತ್ತ.

ಆಗಸ್ಟಿನಲ್ಲೊಂದು ಬೆಳಗ್ಗೆ ಏಣಿ ಹತ್ತಿದೆ.
ಆರು ಗಂಟೆಗೇ ಕಬ್ಬಿಣ ಕೈ ಸುಡುತ್ತಿತ್ತು.
ತಂತಿ ಚುಚ್ಚಿ ಪಟ್ಟಿ ತೆಗೆದರೆ
ಮೂರನೇ ಸಾಲಿನಲ್ಲಿ
ಮೂಲ್ಕಿ ಕಡೆಯ ಯಾವುದೋ ಶಾಲೆಯ ವಾರ್ಷಿಕೋತ್ಸವ,
ಇನ್ನೂರ ಹನ್ನೊಂದು ಸಲ,
ಫೈನಲ್ ಮ್ಯಾಚನ್ನೇ ಹೊರದಬ್ಬಿ ಕೂತಿದೆ!

ಗಟ್ಟಿಯಾಗಿ ಓದಿ ನಕ್ಕೆ.
ಏನೋ ಲೆಕ್ಕ ತಪ್ಪಿದೆ, ಅಳಿಸಿಬಿಡುವಾ ಅಂದೆ.
ಕೆಳಗೆ ಏಣಿ ಹಿಡಿದಿದ್ದ ವಲೇರಿಯನ್
ತಲೆ ಎತ್ತಲಿಲ್ಲ.
'ಎಡಗಡೆ ಕೊನೆಗೆ, ಮರದ ವೇಷ.
ಒಂಚೂರೂ ಅಲ್ಲಾಡದೆ ನಿಂತಿದ್ದಾಳಲ್ಲ,
ಅದು ನಮ್ಮ ರಿಯೋನಾ.'

ಡಬ್ಬಿಗೆ ಎಷ್ಟು ಜನವೆಂದು ತಿಳಿಯದು,
ಎಷ್ಟು ಸಲವೆಂದಷ್ಟೇ.

ಮುಚ್ಚಳ ಬಿಗಿಯುವಾಗ ಸ್ಕ್ರೂ ಒಂದು ಜಾರಿ
ಮರಳಿಗೆ ಬಿತ್ತು.
ಅವನೇ ಹುಡುಕಿ, ಅಂಗಿಗೆ ಒರೆಸಿ,
ಮೇಲಕ್ಕೆ ಚಾಚಿದ.