ಆನಂದಪುರ ಒಂದು

ರಾತ್ರಿ ಹತ್ತೂಕಾಲು. ಶಿವಮೊಗ್ಗದಿಂದ ಸಾಗರಕ್ಕೆ ಕಡೇ ಬಸ್ಸು.
ಹೆಗಲಿಗೆ ಚೀಲ, ಕೈಗೆ ಟಿಕೆಟ್ ಮಿಷನ್ನು, ನಾಲಿಗೆಗೆ ಊರುಗಳ ಸರ:
ಆಯನೂರು, ಕುಂಸಿ, ಚೋರಡಿ, ಆನಂದಪುರ...
ಹನ್ನೊಂದು ವರ್ಷದ ಜಪ,
ಯಾವ ದೇವರೂ ಇನ್ನೂ ಓಗೊಟ್ಟಿಲ್ಲ.

ಡ್ರೈವರ್ ಹುಚ್ರಾಯಪ್ಪನ ನೆತ್ತಿಯ ಮೇಲೆ
ಸಿಗಂದೂರಿನ ಅಮ್ಮ, ಪ್ಲಾಸ್ಟಿಕ್ ಸೇವಂತಿಗೆ ಮುಡಿದು.
ಪಕ್ಕದ ಕೆಂಪು ಬಲ್ಬು
ಬ್ರೇಕು ತುಳಿದಾಗಲೆಲ್ಲ ಮಿಟುಕುತ್ತದೆ.

ಕುಂಸಿ ದಾಟುವಾಗ ಮಾತು ಉದುರುತ್ತದೆ.
ಗದ್ದೆಯ ಕೇಸು ಗೆದ್ದವನ ಹೆಗಲಿಗೆ
ಸೋತವನ ತಲೆ; ಜೊಲ್ಲಿಗೆ ತೀರ್ಪು ತಿಳಿಯದು.
ಜೈನಾಬಿಯ ಖಾಲಿ ಮೀನುಬುಟ್ಟಿ
ಅತ್ತಿಂದಿತ್ತ ಉರುಳಿದರೂ ಅವಳು ಏಳಳು.
ಆಸ್ಪತ್ರೆಯಿಂದ ಇವತ್ತೇ ಬಿಟ್ಟ ಬಾಣಂತಿ,
ಎದೆ ಕಚ್ಚಿಕೊಂಡ ಕೂಸು, ಇಬ್ಬರಿಗೂ ನಿದ್ದೆ.
ಹಾಲೊಂದೇ ಎಚ್ಚರ.
ಕೊಡುವವಳು ಮರೆತಿದ್ದಾಳೆ, ಕುಡಿಯುವುದೂ ಮರೆತಿದೆ,
ಗಲ್ಲದ ಮೇಲೆ ತನ್ನ ಪಾಡಿಗೆ ಹರಿಯುತ್ತಿದೆ.

"ಆನಂದಪುರ! ಯಾರ್ರೀ ಆನಂದಪುರ?"
ಯಾರೂ ಏಳಲಿಲ್ಲ.
ವಿಷಲ್ ಊದಿದೆ. ರೈಟ್.

ಎರಡು ಮೈಲಿ ಆಚೆ ಕಣ್ಣಿಗೆ ಬಿದ್ದಳು:
ಹಿಂದಿನ ಸೀಟಿನ ಮೂಲೆಯಲ್ಲಿ ಮುದುಕಿ ಗುತ್ಯಮ್ಮ,
ಮುಷ್ಟಿಯಲ್ಲಿ ಟಿಕೆಟ್ಟು. ಬೆವರಿಗೆ ದರ ಅಳಿಸಿತ್ತು,
ದಿನಾಂಕ ಅಳಿಸಿತ್ತು,
ಊರಿನ ಮೊದಲ ಅರ್ಧ ಉಳಿದಿತ್ತು.

"ಅಜ್ಜೀ, ನಿಮ್ಮೂರು ದಾಟಿ ಹೋತಲ್ಲ!"
ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ನಿಂತೆ.
ಕಣ್ಣುಜ್ಜಿ ನಕ್ಕಳು:
"ಎಂಥಾ ಸುಖದ ನಿದ್ದೆ ಮಾರಾಯ್ತಿ,
ಏನಂದ್ರೆ ಏನೂ ಗೊತ್ತಾಗ್ಲಿಲ್ಲ."

ಏನೂ ಗೊತ್ತಾಗದಿದ್ದರೆ
ಸುಖ ಅಂತ ಗೊತ್ತಾಗಿದ್ದು ಯಾರಿಗಜ್ಜೀ?
ನಾನು ಕೇಳಿದ್ದು ತಮಾಷೆಗೆ.
ಅವಳು ಸಂಚಿಯ ದಾರ ಬಿಚ್ಚುತ್ತ, ನಿಧಾನಕ್ಕೆ:
"ನಾನಂತೂ ಇರ್ಲಿಲ್ಲ. ಅವ್ಳು ಇದ್ಲು."

ಯಾರು, ಈ ಪಟದ ಅಮ್ಮನಾ? ಅವಳು ಕೊಟ್ಟ ಸುಖವಾ?

"ಕೊಟ್ಟಿದ್ದು ತೀರ್ತದೆ ಮಗಾ,
ನಿನ್ನ ಚೀಲದ ಚಿಲ್ಲರೆ ಹಾಗೆ.
ಅವ್ಳು ಕೊಡೋದಿಲ್ಲ.
ಅವ್ಳೇ ಅದು."
ಎಂದವಳು, ಎಲೆಗೆ ಸುಣ್ಣ ಹಚ್ಚುವ ಮುಂಚೆಯೇ
ಮತ್ತೆ ನಿದ್ದೆ ಹೋದಳು.
ಎಲೆ ಅಂಗೈಯಲ್ಲಿ ಹಾಗೇ ಅರಳಿಕೊಂಡಿತ್ತು.

ಹೆಚ್ಚಿನ ದೂರಕ್ಕೆ ಹೆಚ್ಚಿನ ಟಿಕೆಟ್ಟು, ಇದು ನಿಯಮ.
ಹರಿಯಲು ಹೋದ ಬೆರಳು ಹಿಂದೆ ಬಂತು.
ಯಾವ ಊರಿಂದ ಯಾವ ಊರಿಗೆ ಅಂತ ಹೊಡೆಯಲಿ?

ಸಾಗರ. ಹನ್ನೆರಡು. ಎಲ್ಲರೂ ಮತ್ತೆ ಅವರವರಾಗಿ
ಅವರವರ ಗಂಟು ಹುಡುಕಿ ಇಳಿದರು.
ಗೆದ್ದವನು ಹೆಗಲು ಒರೆಸಿಕೊಂಡ.
ಲೆಕ್ಕದಲ್ಲಿ ಹದಿಮೂರು ರೂಪಾಯಿ ಕಮ್ಮಿ,
ಕೈಯಿಂದ ಹಾಕಿ
ಉದ್ದ ಸೀಟಿನ ಮೇಲೆ ಚೀಲ ತಲೆಗಿಟ್ಟು ಒರಗಿದೆ.
ಹುಚ್ರಾಯಪ್ಪ ಬಲ್ಬು ಆರಿಸಿದ. ಪಟ ಹೋಯಿತು.
ಪಟ ಹೋದರೆ ಕಮ್ಮಿಯಾದದ್ದೇನು ಎಂದು
ಕತ್ತಲಲ್ಲಿ ತಡಕುತ್ತ ತಡಕುತ್ತ

ಬೆಳಿಗ್ಗೆ ಐದೂವರೆ. "ಏಳವ್ವಾ, ಎಲ್ಲಿಗೋಗಿದ್ದೆ?"
ಹಲ್ಲುಜ್ಜದ ಬಾಯಲ್ಲಿ ಏನು ಹೇಳಲಿ?
ಟಿಕೆಟ್ಟಿಲ್ಲದೆ ಹೋಗಿದ್ದೆ, ಹುಚ್ರಾಯಣ್ಣ.
ತಪಾಸಣೆಯವರು ಯಾರೂ
ಹತ್ತಲಿಲ್ಲ.