ಹೊಗೆಯಿಲ್ಲದ ಕೊಳವೆ

ಉಲಾನ್‌ಬಾತರಿನ ಗುಡ್ಡದಂಚು. ಮೈನಸ್ ಮೂವತ್ತೊಂದು.
ಸೊಲೊಂಗೊ ಜಪಮಣಿ ಎಣಿಸುತ್ತಾಳೆ:
ಎಲ್ಲ ಜೀವಕ್ಕೂ ಒಳ್ಳೆಯದಾಗಲಿ,
ತೋಳಕ್ಕೂ, ತೋಳ ತಿಂದ ಕುರಿಗೂ,
ಸತ್ತ ಗಂಡನಿಗೂ, ಅವನ ಸಾಲಗಾರರಿಗೂ.

ಬೇಲಿಯಾಚೆಯ ಗೊಂಬೊ ಹೆಸರಿಗೆ
ಮಣಿ ಹೆಬ್ಬೆರಳಲ್ಲೇ ಸಿಕ್ಕಿಕೊಳ್ಳುತ್ತದೆ.
ಮೂರು ಚಳಿಗಾಲದಿಂದ ಮುದುಕ ಒಲೆಬೂದಿ ಸುರಿಯುವುದು
ಇವಳ ಗೇಟಿನೆದುರಿಗೇ.

ಕಿಟಕಿಯ ಹಿಮ ಉಗುರಲ್ಲಿ ಕೆರೆದರೆ
ಕೇರಿಯೆಲ್ಲ ಹೊಗೆ;
ಅವನ ಕೊಳವೆಯೊಂದು ಬರಿದು.
ಸಾಯಲಿ, ಅಂದಳು.
ಆಮೇಲೆ ಬೂಟು ಹುಡುಕಿದಳು.

ಅರ್ಧ ಬಕೆಟ್ ಇದ್ದಲು, ದಾರಿಯುದ್ದಕ್ಕೂ ಬೈಗುಳ.
ಬಾಗಿಲು ತೆರೆದವನ ತುಟಿ ನೀಲಿ.
ಮಾತಿಲ್ಲದೆ ಒಲೆ ಹೊತ್ತಿಸಿ,
ಹಳೆ ಬೂದಿ ಬಾಚಿ ಅದೇ ಬಕೆಟ್ಟಿಗೆ ತುಂಬಿ
ಹೊರಗೆ ಬಂದು ನಿಂತಳು:
ಎಲ್ಲಿ ಸುರಿಯುವುದು ಈಗ?

ಓಣಿಯೆಲ್ಲ ಗಾಜಿನಂಥ ಮಂಜುಗಡ್ಡೆ.
ತನ್ನ ಗೇಟಿನ ಹತ್ತಿರ ಮಾತ್ರ
ಕಾಲು ಊರಿದಲ್ಲೇ ನಿಲ್ಲುತ್ತಿತ್ತು.